ಈ ಭಾನುವಾರ ಸೂಳೆಕೆರೆಯಲ್ಲಿ ಮೀನು ಗುರುತಿಸೋಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಆರೂವರೆಗೆ ಸೂಳೆಕೆರೆ ಏರಿ ಮೇಲೆ ಸೇರೋಣ. ತಡವಾದರೆ ದಡಕ್ಕೆ ಬಂದ ಮೀನು ಮಾರಾಟಕ್ಕೆ ಹೋಗಿಬಿಡುತ್ತದೆ.

ಹೊಸಬರು ಮೊದಲು ಬಾಯಿ ನೋಡಿ. ಕಾಟ್ಲಾ ತಲೆ ದಪ್ಪ, ಬಾಯಿ ಮೇಲ್ಮುಖ, ಮೇಲ್ನೀರಿನಲ್ಲೇ ಮೇಯುತ್ತದೆ. ರೋಹು ತುಟಿಗೆ ಜಾಲರಿಯಂಥ ಅಂಚು, ಅದು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕಿ ತಿನ್ನುತ್ತದೆ. ಬಣ್ಣ ಮಾತ್ರ ನಂಬಬೇಡಿ, ನೀರಿಗೆ ತಕ್ಕಂತೆ ಬದಲಾಗುತ್ತದೆ.

ಫೋಟೋ ಪಕ್ಕದಿಂದ ತೆಗೆಯಿರಿ, ರೆಕ್ಕೆ ಬಿಡಿಸಿರಲಿ, ಜೊತೆಗೊಂದು ಸ್ಕೇಲ್ ಇಡಿ. ಜೊಂಡಿನ ಕಡೆ ಒಬ್ಬರೇ ಇಳಿಯಬೇಡಿ. ಕೊರವ ಮೀನು ಅಲ್ಲೇ ಇರುತ್ತದೆ ನಿಜ, ಆದರೆ ಕೆಸರೂ ಜಾಸ್ತಿ ಅಲ್ವಾ!

ದಾವಣಗೆರೆಯಿಂದ ಕಾರು ತರುವವರು ಎಷ್ಟು ಸೀಟು ಖಾಲಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಬರುವವರು ಸುಮ್ನೆ ಹೆಬ್ಬೆರಳು ಒತ್ತಬೇಡಿ, ಹೆಸರು ಬರೆಯಿರಿ.