ಗುಳಿಗೆ ಹುಣ್ಣಿನ ತನಕ ಮುಟ್ಟಬೇಕಲ್ಲ ಸಾಹೇಬರೇ: ಆರೋಗ್ಯ ಸಚಿವರಿಗೆ ಗದಗದಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಗದಗದಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು. ಅಲ್ಸರೇಟಿವ್ ಕೊಲೈಟಿಸ್ ಬಗ್ಗೆ ಬರೆಯುತ್ತಿದ್ದೇನೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗಿ, ರಕ್ತ ಬೀಳುವ ಕಾಯಿಲೆ. ನಮ್ಮ ಕಡೆ ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧ ತಗೊಂಡು, ಸೋತು, ಹುಬ್ಬಳ್ಳಿಗೆ ಹೋಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿದ ಮೇಲೇ ಎಷ್ಟೋ ಜನಕ್ಕೆ ಕಾಯಿಲೆಯ ಹೆಸರು ಗೊತ್ತಾಗುತ್ತದೆ.

ಆಮೇಲೆ ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಅನ್ನೋ ಔಷಧ ಬರೆದುಕೊಡುತ್ತಾರೆ. ಈ ಔಷಧ ರಕ್ತಕ್ಕೆ ಸೇರಿದರೆ ಪ್ರಯೋಜನವಿಲ್ಲ, ಹುಣ್ಣಿಗೇ ತಾಗಬೇಕು. ಸುಮ್ನೆ ಪುಡಿ ನುಂಗಿದರೆ ಬಹುಪಾಲು ಸಣ್ಣ ಕರುಳಲ್ಲೇ ಹೀರಿಹೋಗುತ್ತದೆ. ಅದಕ್ಕೇ ಗುಳಿಗೆಗೆ ಲೇಪನ ಇರುತ್ತದೆ. ಹೊಟ್ಟೆಯ ಆಮ್ಲದಲ್ಲಿ ಅದು ಕರಗಲ್ಲ, ಕೆಳಗೆ ಹುಳಿ ಕಮ್ಮಿಯಾಗಿ ಪಿಎಚ್ (ಹುಳಿಯ ಅಳತೆ) 7ರ ಹತ್ತಿರ ಬಂದಾಗ ಬಿಚ್ಚಿಕೊಳ್ಳುತ್ತದೆ. ಗುಳಿಗೆ ದಪ್ಪ, ನುಂಗೋಕಾಗಲ್ಲ ಅಂತ ತಾಯಿಯೊಬ್ಬರು ಅದನ್ನು ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಮಗನಿಗೆ ಕುಡಿಸುತ್ತಿದ್ದರು. ಬಿಲ್ ಮಾಡುವಾಗ ಮಾತಿಗೆ ಮಾತು ಬಂದು ನನಗೆ ಗೊತ್ತಾಯ್ತು. ಕುಟ್ಟಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹುಣ್ಣು ಕರುಳಿನ ಕೊನೆಯಲ್ಲಿದ್ದರೆ ಇನ್ನೂ ಹತ್ತಿರದ ದಾರಿ ಇದೆ. ಗುದದ್ವಾರದಲ್ಲಿ ಇಡುವ ಗುಳಿಗೆ, ಅಂದರೆ ಸಪೊಸಿಟರಿ, ಗುದನಾಳಕ್ಕೆ ಮುಟ್ಟುತ್ತದೆ, ಅಲ್ಲಿಂದಲೇ ಒಳಗೆ ಬಿಡುವ ದ್ರವ ಔಷಧ, ಅಂದರೆ ಎನಿಮಾ, ಎಡಭಾಗದ ಕರುಳಿನವರೆಗೂ ಹೋಗುತ್ತದೆ. ನುಂಗುವ ಗುಳಿಗೆ ಒಂದೇ ಕೊಡುವುದಕ್ಕಿಂತ ಇದನ್ನೂ ಸೇರಿಸಿದರೆ ಗುಣ ಜಾಸ್ತಿ. ಎರಡೂ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇವೆ. ನನ್ನ ಕೌಂಟರಿಗೆ ಬರುವ ಚೀಟಿಗಳಲ್ಲಿ ಮಾತ್ರ ಅಪರೂಪ. ನಾಚಿಕೆ ಇದೆ, ಒಪ್ಪುತ್ತೇನೆ. ಆದರೆ ಸುಲಭಕ್ಕೆ ಸಿಗೋದೂ ಇಲ್ಲ. ನಾನೇ ಆರ್ಡರ್ ಹಾಕಿ ತರಿಸಬೇಕು. ಏಪ್ರಿಲ್ ಬಿಸಿಲಲ್ಲಿ ತಂಪಿಲ್ಲದ ಕಡೆ ಇಟ್ಟರೆ ಸಪೊಸಿಟರಿ ಮೆತ್ತಗಾಗಿಬಿಡುತ್ತದೆ.

ಹೀಗಾಗಿ ಜನ ಉರಿಯೂತವನ್ನು ಬೇಗ ಅಡಗಿಸುವ ಸ್ಟೀರಾಯ್ಡ್ ಗುಳಿಗೆಗೆ ಜೋತುಬೀಳುತ್ತಾರೆ. ಅಗ್ಗ, ಬೇಗ ಆರಾಮ. ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ಬರುತ್ತಾರೆ. ನಾನು ಕೊಡಲ್ಲ ಅಂದರೆ ಪಕ್ಕದ ಅಂಗಡಿ ಇದ್ದೇ ಇದೆಯಲ್ಲ. ಮುಖ ಊದುತ್ತದೆ, ಶುಗರ್ ಏರುತ್ತದೆ, ಎಲುಬು ಸವೆಯುತ್ತದೆ.

ನಿಮ್ಮ ಖರೀದಿ ಪಟ್ಟಿಯಲ್ಲಿ ಸಪೊಸಿಟರಿ, ಎನಿಮಾ ಎರಡೂ ಇರಲಿ. ಗದಗ, ಹಾವೇರಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗಳ ಔಷಧ ಕೌಂಟರಿನಲ್ಲಿ ತಂಪಾಗಿಟ್ಟು ಕೊಡಲಿ. ರಾತ್ರಿ ಎಡಮಗ್ಗುಲಾಗಿ ಮಲಗಿ ಎನಿಮಾ ತಗೊಳ್ಳೋದು ಹೇಗೆ ಅಂತ ನರ್ಸ್ ಒಬ್ಬರು ಹತ್ತು ನಿಮಿಷ ಕೂತು ಕಲಿಸಿದರೆ ಸಾಕು, ಅರ್ಧ ನಾಚಿಕೆ ಅಲ್ಲೇ ಹೋಗುತ್ತದೆ.

ಇನ್ನೊಂದು ಮಾತು. ಎಲ್ಲರ ಕರುಳಿನ ಪಿಎಚ್ ಒಂದೇ ಥರ ಇರಲ್ಲ. ಭೇದಿ ಜೋರಿದ್ದಾಗ ಗುಳಿಗೆ ಬಿಚ್ಚಿಕೊಳ್ಳದೆ ಹಾಗೇ ಹೊರಬರುವುದೂ ಉಂಟು. ಅದಕ್ಕೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ ಒಡೆದುಹಾಕುವಂಥ ಲೇಪನಗಳ ಮೇಲೆ ಸಂಶೋಧನೆ ನಡೆದಿದೆ. ಅಂಥದ್ದರಲ್ಲಿ ಗೌರ್ ಗಮ್ ಒಂದು. ನಾವು ಪಲ್ಯ ಮಾಡುವ ಚವಳಿಕಾಯಿಯ ಬೀಜದ ಅಂಟು ಅದು! ಹುಬ್ಬಳ್ಳಿ-ಧಾರವಾಡದಲ್ಲಿ ಫಾರ್ಮಸಿ ಕಾಲೇಜುಗಳಿವೆ, ಐಐಟಿ ಇದೆ, ರೋಗಿಗಳನ್ನು ನೋಡುವ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ವೈದ್ಯಕೀಯ ಶಿಕ್ಷಣ ಸಚಿವರ ಜೊತೆ ಮಾತಾಡಿ ಈ ಮೂರನ್ನೂ ಒಂದು ಯೋಜನೆಯಡಿ ತಂದು, ಅನುದಾನ ಕೊಡಿ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಸಪೊಸಿಟರಿ, ಎನಿಮಾಗೆ ಅಷ್ಟು ಕಾಯಬೇಕಿಲ್ಲ, ಮುಂದಿನ ಟೆಂಡರಿನಲ್ಲೇ ಸೇರಿಸಬಹುದು.

ಇಂತಿ,
ಗದಗದ ಒಬ್ಬ ಔಷಧ ವ್ಯಾಪಾರಿ