ಮೊದಲು ಊರು, ಆಮೇಲೆ ಹೆಸರು

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಈಗ ಬೀಗರು ಇಂಗ್ಲಿಷರು. ಮೊಮ್ಮಕ್ಕಳಿಗೆ ಒಂದು ಕಡೆಯ ಮೂಲ ಹಾಸನವೋ ಧಾರವಾಡವೋ ಆದರೆ, ಇನ್ನೊಂದು ಕಡೆಯದು ಡಾರ್ಸೆಟ್, ನಾರ್ಫೋಕ್ ಅಥವಾ ವಿಲ್ಟ್‌ಶೈರ್‌ನ ಯಾವುದೋ ಹಳ್ಳಿ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ಆ ಕಡೆಯ ಕೊಂಬೆ ಮೂರು ತಲೆಮಾರಿಗೇ ನಿಂತುಬಿಡುತ್ತದೆ. ನಿಲ್ಲಬೇಕಾಗಿಲ್ಲ. ಅವರಿವರ ಹೊಲದಲ್ಲಿ ಕೂಲಿ ಮಾಡಿದವರ ವಂಶವನ್ನೂ ಎಷ್ಟೋ ಸಲ 1700ರ ಆಚೆಗೆ ಒಯ್ಯಬಹುದು. ಆದರೆ ಹೆಸರನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ವಿಲಿಯಂ, ಜಾನ್, ಮೇರಿ, ಎಲಿಜಬೆತ್ ಹೀಗೆ ಬೆರಳೆಣಿಕೆಯ ಹೆಸರುಗಳಲ್ಲೇ ಹಳ್ಳಿಗೆ ಹಳ್ಳಿ ಬದುಕಿದೆ. ಊರು ಗೊತ್ತಾದ ಮೇಲೆಯೇ ಹೆಸರಿಗೆ ಬೆಲೆ.

ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಇಂದಿನಿಂದ ಅಲ್ಲಿಯವರೆಗೆ ಒಂದು ಮೆಟ್ಟಿಲನ್ನೂ ಹಾರದೆ ಇಳಿಯಿರಿ. ಜನನ ಪತ್ರದಲ್ಲಿ ತಾಯಿಯ ತವರಿನ ಅಡ್ಡಹೆಸರಿರುತ್ತದೆ, ಮದುವೆ ಪತ್ರದಲ್ಲಿ ಗಂಡುಹೆಣ್ಣು ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಎರಡೂ ತಾಳೆಯಾಗದೆ ಮುಂದೆ ಹೋಗಬೇಡಿ. ಈ ನೋಂದಣಿಗಳ ಹೆಸರಿನ ಸೂಚಿಯಲ್ಲಿ ಕಾಣುವುದು ನೋಂದಣಿ ಜಿಲ್ಲೆಯೇ ಹೊರತು ಹಳ್ಳಿಯಲ್ಲ. ಒಂದೊಂದು ಜಿಲ್ಲೆಯೊಳಗೆ ಹತ್ತಾರು ಹಳ್ಳಿಗಳಿರುತ್ತವೆ. ಮಗುವಿನ ಹೆಸರು ಬರೆಸಲು 42 ದಿನಗಳ ಅವಕಾಶವಿತ್ತು, ಸೂಚಿ ಮೂರು ತಿಂಗಳಿಗೊಂದು. ಹಾಗಾಗಿ ಡಿಸೆಂಬರಿನಲ್ಲಿ ಹುಟ್ಟಿದ ಮಗು ಮರುವರ್ಷದ ಮಾರ್ಚ್ ಭಾಗದಲ್ಲಿ ಸಿಗಬಹುದು. 1875ಕ್ಕೆ ಮೊದಲು ಬರೆಸುವ ಹೊಣೆ ತಂದೆತಾಯಿಯ ಮೇಲೆ ಬಿಗಿಯಾಗಿ ಇರಲಿಲ್ಲವಾದ್ದರಿಂದ ಕೆಲವು ಮಕ್ಕಳು ಸಿಗುವುದೇ ಇಲ್ಲ.

ಊರು ಹೇಳುವುದು ಜನಗಣತಿ. 1851ರಿಂದ ಪ್ರತಿಯೊಬ್ಬರ ಹುಟ್ಟೂರು, ಮನೆಯ ಯಜಮಾನನಿಗೆ ಅವರ ಸಂಬಂಧ, ವಯಸ್ಸು ಎಲ್ಲವೂ ಬರುತ್ತವೆ. 1841ರದನ್ನು ಜೋಪಾನವಾಗಿ ಓದಬೇಕು: ಅದರಲ್ಲಿ ಸಂಬಂಧ ಬರೆದಿಲ್ಲ, ಹುಟ್ಟಿದ್ದು ಅದೇ ಕೌಂಟಿಯಲ್ಲೇ (ಡಾರ್ಸೆಟ್, ನಾರ್ಫೋಕ್ ಥರದ ಪ್ರಾಂತ) ಅಲ್ಲವೇ ಎಂಬುದಷ್ಟೇ ಇದೆ, 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಮಗ್ಗಿಗೆ ಇಳಿಸಿದ್ದಾರೆ. 30 ಎಂದಿದ್ದರೆ 34ರವರೆಗೆ ಏನೂ ಇರಬಹುದು. ಒಬ್ಬನೇ ಮನುಷ್ಯನ ಹುಟ್ಟೂರು ಒಂದೊಂದು ಗಣತಿಯಲ್ಲಿ ಒಂದೊಂದು ಥರ ಇದ್ದರೆ ಗಾಬರಿ ಬೇಡ. ಹತ್ತಿರದಲ್ಲಿದ್ದಾಗ ಹಳ್ಳಿಯ ಹೆಸರು ಹೇಳುತ್ತಾರೆ, ದೂರ ಹೋದ ಮೇಲೆ ಪಕ್ಕದ ಪೇಟೆಯ ಹೆಸರು ಹೇಳುತ್ತಾರೆ. ಕೆಲವರಿಗೆ ಗೊತ್ತಿದ್ದದ್ದು ಬೆಳೆದ ಊರು ಮಾತ್ರ. ಸಿಕ್ಕ ಹೆಸರುಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ. ಕೂಲಿಯವರು ಕೆಲಸ ಹುಡುಕಿ ಹೋಗುತ್ತಿದ್ದುದು ಬಹುಮಟ್ಟಿಗೆ ಹತ್ತು ಮೈಲಿಯೊಳಗೆ, ಆದ್ದರಿಂದ ಸುತ್ತಲಿನ ಪ್ಯಾರಿಷ್‌ಗಳೇ (ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳೇ) ನಿಮ್ಮ ಹುಡುಕಾಟದ ಬಯಲು.

1837ಕ್ಕೂ ಹಿಂದೆ ಹೋಗಲು ದೀಕ್ಷಾಸ್ನಾನ (ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ವಿಧಿ), ಮದುವೆ, ಸಮಾಧಿಗಳನ್ನು ಬರೆದಿಟ್ಟ ಚರ್ಚಿನ ಪ್ಯಾರಿಷ್ ರಿಜಿಸ್ಟರ್‌ಗಳೇ ಆಧಾರ. ಇವನ್ನು ಇಡಬೇಕೆಂದು 1538ರಲ್ಲೇ ಆಜ್ಞೆಯಾಗಿತ್ತು. ಈಗ ಹೆಚ್ಚಿನವು ಆಯಾ ಕೌಂಟಿಯ ರೆಕಾರ್ಡ್ ಆಫೀಸಿನಲ್ಲಿ (ಹಳೆಯ ದಾಖಲೆಗಳ ಭಂಡಾರ) ಇವೆ. ಪುಟ ಹರಿದಿದ್ದರೆ ಅಥವಾ ಇಲಿ ತಿಂದಿದ್ದರೆ ಬಿಷಪ್‌ಗೆ ವರ್ಷವರ್ಷ ಕಳಿಸುತ್ತಿದ್ದ ನಕಲನ್ನು ಕೇಳಿ. ಮೂಲ ಚೆನ್ನಾಗಿದ್ದರೂ ನಕಲನ್ನು ನೋಡುವುದು ಒಳ್ಳೆಯದು, ಒಂದರಲ್ಲಿ ಬಿಟ್ಟದ್ದು ಇನ್ನೊಂದರಲ್ಲಿ ಇರುತ್ತದೆ. 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ‘ಫೆಬ್ರವರಿ 1731’ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1732. ಇದು ತಿಳಿಯದೆ ಮದುವೆಗೆ ಮೊದಲೇ ಮಗು ಹುಟ್ಟಿತೆಂದು ಬರೆದುಕೊಂಡವರಿದ್ದಾರೆ. 1783ರಿಂದ 1794ರವರೆಗೆ ಪ್ರತಿ ದಾಖಲೆಗೆ 3 ಪೆನ್ಸ್ ತೆರಿಗೆಯಿತ್ತು, ಬಡವರಿಗೆ ವಿನಾಯಿತಿ. ತೆರಿಗೆ ಬರುವ ಮುಂಚೆ ಒಂದೇ ದಿನ ಮೂರು ನಾಲ್ಕು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ ಮನೆಗಳು ಸಿಗುವುದು ಅದಕ್ಕೇ. ಹಾಗಾಗಿ ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನವೆಂದು ತಿಳಿಯಬಾರದು.

ಎಲ್ಲಕ್ಕಿಂತ ಹೆಚ್ಚು ಮರಗಳು ಮುರಿಯುವುದು ಒಂದೇ ಜಾಗದಲ್ಲಿ. ಬೇಕಾದ ಹೆಸರಿನ, ಬೇಕಾದ ವರ್ಷದ ದೀಕ್ಷಾಸ್ನಾನ ಸಿಕ್ಕಿತೆಂದು ಹಿಗ್ಗಿ ಅಲ್ಲಿಂದ ಇನ್ನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತಾರೆ. ಆ ಮಗು ಎರಡನೇ ವರ್ಷಕ್ಕೇ ಮಣ್ಣಾಗಿರುತ್ತದೆ. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ವಾಡಿಕೆಯಾಗಿತ್ತು. ಆದ್ದರಿಂದ ಪ್ರತಿ ದೀಕ್ಷಾಸ್ನಾನ ಸಿಕ್ಕಾಗಲೂ ಅದೇ ಊರಿನ ಸಮಾಧಿ ರಿಜಿಸ್ಟರನ್ನು ಕನಿಷ್ಠ ಹತ್ತು ವರ್ಷ ಮುಂದಕ್ಕೆ ಓದಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಒಳದಾರಿಯಿಲ್ಲ.

ಜಮೀನು, ಉಯಿಲು ಇಲ್ಲದವರ ಬಗ್ಗೆ ಅತ್ಯಂತ ಹೆಚ್ಚು ಹೇಳುವುದು ಬಡವರ ಕಾನೂನಿನ ಕಾಗದಗಳು. 1662ರ ಕಾಯಿದೆಯಂತೆ ಕಷ್ಟಕ್ಕೆ ಬಿದ್ದವರನ್ನು ಅವರಿಗೆ ಹಕ್ಕಿದ್ದ ಪ್ಯಾರಿಷ್ ಸಾಕಬೇಕಿತ್ತು. ಆ ಹಕ್ಕು ತಂದೆಯಿಂದ ಬರಬಹುದು, ಹುಟ್ಟಿನಿಂದ ಬರಬಹುದು. ಮದುವೆಯಾಗದವನು ಒಂದೇ ಪ್ಯಾರಿಷ್‌ನಲ್ಲಿ ಪೂರ್ತಿ ಒಂದು ವರ್ಷ ಸಂಬಳಕ್ಕೆ ದುಡಿದರೆ, ವರ್ಷಕ್ಕೆ 10 ಪೌಂಡಿನ ಆಸ್ತಿ ಬಾಡಿಗೆಗೆ ಹಿಡಿದರೆ ಅಥವಾ ಕಸುಬು ಕಲಿಯಲು ಸೇರಿದ್ದರೂ ಬರಬಹುದು. ಹೆಂಡತಿಗೆ ಗಂಡನ ಊರೇ ಊರು. ಈ ಹೊರೆ ಊರಿನ ಮೇಲೆ ಬೀಳದಿರಲೆಂದು ಆಳನ್ನು 51 ವಾರಕ್ಕೆ ಮಾತ್ರ ಇಟ್ಟುಕೊಂಡ ಒಡೆಯರೂ ಇದ್ದರು. ಯಾರಾದರೂ ಸಹಾಯ ಕೇಳಿದರೆ ಮ್ಯಾಜಿಸ್ಟ್ರೇಟರು ಅವರನ್ನು ಕೂರಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಬಳಿ ಎಷ್ಟಕ್ಕೆ ದುಡಿದೆ, ಎಲ್ಲಿ ಮದುವೆಯಾದೆ, ಮಕ್ಕಳೆಷ್ಟು. ಓದುಬರಹ ಬಾರದ ಕೂಲಿಯವನ ಇಡೀ ಬದುಕು ಆ ಒಂದು ಹಾಳೆಯಲ್ಲಿರುತ್ತದೆ, ಕೆಳಗೆ ಅವನ ಕತ್ತರಿ ಗುರುತು. ಇಂಥ ಹಾಳೆಗಳನ್ನು ರೆಕಾರ್ಡ್ ಆಫೀಸಿನಲ್ಲಿ ‘ಪ್ಯಾರಿಷ್ ಪೆಟ್ಟಿಗೆ’ಯ (ಪ್ಯಾರಿಷ್‌ನ ಕಾಗದಗಳನ್ನು ಇಡುತ್ತಿದ್ದ ಪೆಟ್ಟಿಗೆ) ಕಾಗದಗಳ ಪಟ್ಟಿಯಲ್ಲಿ ಹುಡುಕಿ. ಒಂದು ಊರಿನವು ಹಾಳಾಗಿದ್ದರೆ ಆಶೆ ಬಿಡಬೇಡಿ. ಹಕ್ಕಿಲ್ಲದ ಕುಟುಂಬವನ್ನು ಹೊರಹಾಕುವ ಆಜ್ಞೆಯ ಪ್ರತಿ ಅವರನ್ನು ಕರೆದುಕೊಳ್ಳಬೇಕಾದ ಊರಿಗೂ ಹೋಗುತ್ತಿತ್ತು. ತಕರಾರು ಎದ್ದಿದ್ದರೆ ಕೌಂಟಿಯ ಕ್ವಾರ್ಟರ್ ಸೆಷನ್ಸ್ (ಮೂರು ತಿಂಗಳಿಗೊಮ್ಮೆ ಕೂಡುತ್ತಿದ್ದ ನ್ಯಾಯಾಲಯ) ಕಡತದಲ್ಲಿ ಅದರ ಜಾಡು ಇರುತ್ತದೆ.

1836ರ ಕಾಯಿದೆಯ ನಂತರ ತಯಾರಾದ ಟೈದ್ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೇ ಪಾಲು) ನಕ್ಷೆಗಳು ನಮ್ಮ ಗ್ರಾಮನಕ್ಷೆ ಮತ್ತು ಪಹಣಿ ಸೇರಿದ ಹಾಗೆ. ಪ್ರತಿ ತುಂಡು ಭೂಮಿಗೂ ನಂಬರು. ಪಟ್ಟಿಯಲ್ಲಿ ಒಡೆಯ, ಅನುಭೋಗದಾರ, ಹೊಲದ ಹೆಸರು, ವಿಸ್ತೀರ್ಣ. ಅಳತೆ ಎಕರೆ, ರೂಡ್, ಪರ್ಚ್‌ಗಳಲ್ಲಿದೆ: 1 ರೂಡ್ ಎಂದರೆ ನಮ್ಮ 10 ಗುಂಟೆ, 4 ಪರ್ಚ್ ಎಂದರೆ 1 ಗುಂಟೆ. ಸಾಲುಮನೆಗಳಲ್ಲಿ ಒಬ್ಬರ ಹೆಸರು ಬರೆದು ‘ಮತ್ತಿತರರು’ ಎಂದು ಮುಗಿಸಿರುತ್ತಾರೆ. 1841ರ ಗಣತಿಯನ್ನು ಪಕ್ಕಕ್ಕಿಟ್ಟುಕೊಂಡರೆ ಆ ಇತರರು ಯಾರೆಂದು ಊಹಿಸಬಹುದು. ನಾರ್ತಾಂಪ್ಟನ್‌ಶೈರ್‌ನಂಥ ಕೌಂಟಿಗಳಲ್ಲಿ ಅನೇಕ ಊರುಗಳಿಗೆ ಈ ನಕ್ಷೆಯಿಲ್ಲ, ಬಯಲಿಗೆ ಬೇಲಿ ಹಾಕಿ ಹಂಚಿದಾಗಲೇ ಅಲ್ಲಿ ಟೈದ್ ತೀರಿಹೋಗಿತ್ತು. ಅಲ್ಲಿ ಆ ಹಂಚಿಕೆಯ ದಾಖಲೆಯನ್ನೇ ಕೇಳಬೇಕು.

ಇನ್ನು ಜನ. ನಮ್ಮ ಹಳ್ಳಿಗಳಲ್ಲಿ ಹೆಳವರು ಮನೆಮನೆಯ ವಂಶಾವಳಿಯನ್ನು ಹೇಗೆ ಬಲ್ಲರೋ, ಹಾಗೆ ಒಂದೇ ಊರಿನ ಎಲ್ಲ ಮನೆಗಳನ್ನೂ ಜೋಡಿಸುತ್ತಾ ಕೂತವರು ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಿಗೆ ಇದ್ದಾರೆ. ಕೌಂಟಿಯ ಕುಟುಂಬ ಇತಿಹಾಸ ಸಂಘದ ಮೂಲಕ ಅವರನ್ನು ತಲುಪಬಹುದು. ಫ್ರೀರೆಗ್ (ಪ್ಯಾರಿಷ್ ರಿಜಿಸ್ಟರ್), ಫ್ರೀಸೆನ್ (ಜನಗಣತಿ), ಫ್ರೀಬಿಎಂಡಿ (ಸರ್ಕಾರಿ ನೋಂದಣಿಯ ಸೂಚಿ) ಈ ಜಾಲತಾಣಗಳು ಮೂರೂ ಸ್ವಯಂಸೇವಕರು ಅಕ್ಷರ ಅಕ್ಷರ ಓದಿ ಬರೆದು ಪುಕ್ಕಟೆ ಕೊಟ್ಟವು. ಊರಿನ ಮನೆಗಳನ್ನು ಜೋಡಿಸುತ್ತಿರುವವರಿಗೆ ಪತ್ರ ಬರೆಯುವಾಗ ಪೂರ್ತಿ ಹೆಸರು, ಪ್ಯಾರಿಷ್, ಅಂದಾಜು ವರ್ಷ, ಇದುವರೆಗೆ ಯಾವ ರಿಜಿಸ್ಟರನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದ್ದೀರಿ ಎಂಬುದನ್ನು ಹೇಳಿ ಒಂದೇ ಪ್ರಶ್ನೆ ಕೇಳಿ. ಬದುಕಿರುವವರ ವಿವರ ಕಳಿಸಬೇಡಿ. ಅವರು ಕೊಟ್ಟದ್ದನ್ನು ಕೃತಜ್ಞತೆಯಿಂದ ಪಡೆದು, ಮೂಲ ಪುಟದ ಚಿತ್ರ ನೋಡಿಯೇ ಬರೆದುಕೊಳ್ಳಿ. ಹತ್ತು ಮರಗಳಲ್ಲಿ ಒಂದೇ ತಂದೆಯ ಹೆಸರಿದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಬ್ಬರದ್ದನ್ನು ಒಂಬತ್ತು ಮಂದಿ ನಕಲು ಮಾಡಿರಬಹುದು.

ಬೆಂಗಳೂರು ದಂಡು, ಕೋಲಾರದ ಚಿನ್ನದ ಗಣಿಗಳ ಕಡೆಯ ಕುಟುಂಬಗಳಿಗೆ ಈ ದಾರಿ ನಮ್ಮ ನಾಡಿನಿಂದಲೇ ಶುರುವಾಗುತ್ತದೆ. 1880ರ ನಂತರ ಕಾರ್ನ್‌ವಾಲ್‌ನ ಗಣಿಯೂರುಗಳಿಂದ ಕೆಲಸಗಾರರು ಕೆಜಿಎಫ್‌ಗೆ ಬಂದರು. 1891ರ ಗಣತಿಯಲ್ಲಿ ಆ ಕಾರ್ನ್‌ವಾಲ್ ಊರುಗಳಲ್ಲಿ ಹೆಂಡತಿಯೇ ಮನೆಯ ಯಜಮಾನಿ, ವಿವಾಹಿತೆ ಎಂದಿದ್ದು ಗಂಡ ಕಾಣದಿದ್ದರೆ ಅವನು ಹೊರದೇಶದ ಯಾವುದೋ ಗಣಿಯಲ್ಲಿರಬಹುದು. ಬೆಂಗಳೂರು, ಕೆಜಿಎಫ್ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ನಕಲು ಮದರಾಸು ಪ್ರೆಸಿಡೆನ್ಸಿಯ ಹೆಸರಿನಲ್ಲಿ ಲಂಡನ್ನಿಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದುವೆಯ ಸಾಲಿನಲ್ಲಿ ತಂದೆಯ ಹೆಸರು ಸಿಗುತ್ತದೆ, ಹಳ್ಳಿಯ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಆ ತಂದೆಯ ಹೆಸರನ್ನೂ ವರನ ವಯಸ್ಸನ್ನೂ ಹಿಡಿದು, ಅವನು ಹುಡುಗನಾಗಿದ್ದಾಗಿನ ಕಾರ್ನ್‌ವಾಲ್ ಗಣತಿಯನ್ನು ತೆರೆದು ಹುಟ್ಟೂರಿನ ಕಾಲಂ ನೋಡಿ.