ಅಣುವಿನ ಆಕಾರ ತಿಳಿಸಿಕೊಟ್ಟ ಹಿರಿಯರಿಗೆ

ಶಿರಸಿಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ರಸಾಯನಶಾಸ್ತ್ರದ ಪಾಠವೊಂದನ್ನು ಬಿಡಿಸಿ ಹೇಳಿ, ಹೆಸರನ್ನೂ ತಿಳಿಸದೆ ಅಂಕೋಲಾದಲ್ಲಿ ಇಳಿದುಹೋದ ಹಿರಿಯರಿಗೆ ಈ ಮೂಲಕ ಧನ್ಯವಾದ ಸಲ್ಲಿಸುತ್ತಿದ್ದೇನೆ.

ಅಣುವಿನಲ್ಲಿ ಎರಡು ಬಂಧಗಳ ನಡುವಿನ ಕೋನವಾದ ಬಂಧಕೋನವನ್ನು ಮೀಥೇನ್ 109.5, ಅಮೋನಿಯಾ 107, ನೀರು 104.5 ಡಿಗ್ರಿ ಎಂದು ಅವಳು ಉರು ಹೊಡೆಯುತ್ತಿದ್ದಳು. ತಾವು ಅವಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರೂ ಅಣುಗಳನ್ನು ಅಕ್ಕಪಕ್ಕ ಬರೆದು, ಮೂರರಲ್ಲೂ ಕೇಂದ್ರ ಪರಮಾಣುವಿನ ಸುತ್ತ ನಾಲ್ಕೇ ಎಲೆಕ್ಟ್ರಾನ್ ಜೋಡಿಗಳಿರುವುದನ್ನು ಅವಳಿಂದಲೇ ಎಣಿಕೆ ಮಾಡಿಸಿದಿರಿ. ಋಣಾವೇಶದ ಈ ಜೋಡಿಗಳು ಒಂದನ್ನೊಂದು ವಿಕರ್ಷಿಸಿ ಆದಷ್ಟು ದೂರ ಸರಿಯುವುದರಿಂದ ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯಾದ ಚತುರ್ಮುಖಿಯ ಮೂಲೆಗಳತ್ತ ಚಾಚಿದ ವಿನ್ಯಾಸ ಉಂಟಾಗುತ್ತದೆ. ಬಂಧದಲ್ಲಿ ತೊಡಗದ ಜೋಡಿ ಒಂದೇ ಪರಮಾಣುವಿಗೆ ಸೇರಿದ್ದು ಹೆಚ್ಚು ಜಾಗ ಹಿಡಿಯುವುದರಿಂದ, ಅಮೋನಿಯಾದಲ್ಲಿ ಅಂಥದ್ದೊಂದು, ನೀರಿನಲ್ಲಿ ಎರಡು ಇದ್ದು, ಬಂಧಕೋನ ಕಿರಿದಾಗುತ್ತ ಹೋಗುತ್ತದೆ. ರಸಾಯನವಿಜ್ಞಾನಿಗಳಾದ ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ರೂಪಿಸಿದ ಈ ವಿವರಣೆ ಇಷ್ಟು ಸರಳವೆಂದು ನಾನೂ ಅರಿತಿರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳ ಮಾತು. ನೀರಿನ ಅಣು ಕಾರ್ಬನ್ ಡೈಆಕ್ಸೈಡಿನಂತೆ ನೇರವಾಗಿದ್ದಿದ್ದರೆ ಎರಡು ಬದಿಯ ಧ್ರುವೀಯತೆ (ಬಂಧದ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣವಾಗಿರುವುದು) ಪರಸ್ಪರ ಕಳೆದುಹೋಗಿ, ಅದಕ್ಕೆ ಉಪ್ಪನ್ನು ಇಷ್ಟು ಚೆನ್ನಾಗಿ ಕರಗಿಸಿಕೊಳ್ಳುವ ಶಕ್ತಿ ಇರುತ್ತಿರಲಿಲ್ಲವೆಂದು ತಾವು ಹೇಳಿದಿರಿ. ಸಮುದ್ರದ ಉಪ್ಪಿಗೂ ಆ ಬಾಗಿದ ಆಕಾರಕ್ಕೂ ಇರುವ ನಂಟು ಕರಾವಳಿಯ ಪ್ರತಿ ವಿದ್ಯಾರ್ಥಿಗೂ ತಿಳಿಯಬೇಕಾದದ್ದು.

ಈಗ ಮಗಳು ಯಾವ ಅಣುವನ್ನು ಕಂಡರೂ ಮೊದಲು ಜೋಡಿಗಳನ್ನು ಎಣಿಸುತ್ತಾಳೆ, ಕೋನವನ್ನು ಆಮೇಲೆ ಹೇಳುತ್ತಾಳೆ. ತಮಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ವಂದನೆಗಳು.